ತೂಕದ ಆಪರೇಷನ್ ಆಯಿತಲ್ಲ, ಇನ್ನೇನು ಕಷ್ಟ?

ಆಹಾರತಜ್ಞೆಯಾದ ನನಗೆ ಈ ಪ್ರಶ್ನೆಯನ್ನು ರೋಗಿಗಳಿಗಿಂತ ಹೆಚ್ಚಾಗಿ ಅವರ ಮನೆಯವರೇ ಕೇಳುತ್ತಾರೆ. ತೂಕ ಇಳಿಯುವುದು ನಿಜ, ಅನೇಕರಲ್ಲಿ ಮಧುಮೇಹ ಹತೋಟಿಗೆ ಬರುವುದೂ ನಿಜ. ಆದರೂ ನಿಜವಾದ ದುಡಿಮೆ ಆರಂಭವಾಗುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೇ ಎಂಬುದು ನನ್ನ ಉತ್ತರ.

ತೂಕ ಇಳಿಸುವ ಆಪರೇಷನ್‌ಗಳಲ್ಲಿ ಒಂದಾದ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ತೆಗೆದುಹಾಕುತ್ತಾರೆ. ಉಳಿದ ಸಣ್ಣ ಜಾಗದಲ್ಲಿಯೇ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹಿಡಿಸಬೇಕು. ನಮ್ಮ ರೂಢಿಯಂತೆ ಅನ್ನ-ಸಾರಿನಿಂದ ಊಟ ಶುರುಮಾಡಿದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ; ಆದ್ದರಿಂದ ಮೊಟ್ಟೆ, ಪನೀರ್, ಬೇಯಿಸಿದ ಕಾಳು ಮೊದಲು, ಅನ್ನ ಕೊನೆಗೆ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಇನ್ನೊಂದು ಬಗೆಯ ಆಪರೇಷನ್ ಆದ ಗ್ಯಾಸ್ಟ್ರಿಕ್ ಬೈಪಾಸ್ (ಹೃದಯದ್ದಲ್ಲ; ಜಠರದ ಬಹುಭಾಗವನ್ನು ಬದಿಗಿಟ್ಟು ಆಹಾರವನ್ನು ಸಣ್ಣ ಕರುಳಿಗೆ ಸಾಗಿಸುವುದು) ಮಾಡಿಸಿಕೊಂಡವರು ಒಂದು ಒಬ್ಬಟ್ಟು ತಿಂದರೂ ಸಕ್ಕರೆಯ ಅಂಶ ನೇರವಾಗಿ ಸಣ್ಣ ಕರುಳಿಗೆ ಇಳಿದು, ಅಲ್ಲಿಗೆ ನೀರನ್ನು ಸೆಳೆದುಕೊಂಡು, ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆನುಲಿತ, ಭೇದಿ ಕಾಣಿಸಿಕೊಳ್ಳಬಹುದು. ಇದನ್ನು ಡಂಪಿಂಗ್ ಎನ್ನುತ್ತೇವೆ. ಮದುವೆಮನೆಯ ಪಂಕ್ತಿಯಲ್ಲಿ “ಒಂದೇ ಒಂದು, ಏನೂ ಆಗೋದಿಲ್ಲ” ಎಂದು ಬಲವಂತ ಮಾಡುವವರಿಗೆ ಇದು ತಿಳಿದಿರಬೇಕು.

ಮೂರು ತಿಂಗಳ ಹೊತ್ತಿಗೆ ಕೂದಲು ಉದುರುವುದು ಹೆದರಿಕೆ ಹುಟ್ಟಿಸುತ್ತದೆ, ಆದರೆ ಪೋಷಣೆ ಸರಿಯಿದ್ದರೆ ಅದು ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ನನಗೆ ಹೆಚ್ಚು ಆತಂಕ ವಿಟಮಿನ್‌ಗಳ ಬಗ್ಗೆ. ಬಿ12 ಕೊರತೆಯಾದರೆ ಕೈಕಾಲು ಜೋಮು ಹಿಡಿಯುತ್ತದೆ. ವಾಂತಿ ನಿಲ್ಲದೆ ಬಿ1 ಕುಸಿದರೆ ಮಿದುಳಿಗೇ ಅಪಾಯ. ಆರಾಮಾಗಿದ್ದೇನೆ ಎಂದು ಮಾತ್ರೆ ಬಿಡುವವರಿದ್ದಾರೆ. ಅವು ಜೀವನಪರ್ಯಂತ ಬೇಕು.

ಮನಸ್ಸಿನ ಪಾಡು ಇನ್ನೂ ಸೂಕ್ಷ್ಮವಾದದ್ದು. ಬೇಸರವನ್ನು ತಿಂಡಿಯಲ್ಲಿ ಮರೆಯುತ್ತಿದ್ದವರಿಗೆ ಆ ಆಸರೆ ಒಮ್ಮೆಗೇ ತಪ್ಪಿಹೋಗುತ್ತದೆ, ಬೇಸರ ಮಾತ್ರ ಇದ್ದಲ್ಲೇ ಇರುತ್ತದೆ. ಕೆಲವರು ಮದ್ಯದ ಕಡೆ ವಾಲುತ್ತಾರೆ. ಬೈಪಾಸ್ ಆದವರಲ್ಲಿ ಅದು ಬೇಗ ರಕ್ತಕ್ಕೆ ಸೇರಿ ಹೆಚ್ಚು ಏರುತ್ತದೆ. ಶಸ್ತ್ರಚಿಕಿತ್ಸೆಯ ಎರಡನೆಯ ವರ್ಷದಲ್ಲಿ ಮದ್ಯದ ಸಮಸ್ಯೆ ಹೆಚ್ಚುವುದನ್ನು ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹೊಟ್ಟೆ, ತೋಳುಗಳಲ್ಲಿ ಜೋತುಬಿದ್ದ ಚರ್ಮವನ್ನು ಕಂಡು, ಇಷ್ಟೆಲ್ಲ ಅನುಭವಿಸಿದ ಮೇಲೂ ತಮ್ಮ ಮೈಯನ್ನು ತಾವೇ ಒಪ್ಪಿಕೊಳ್ಳಲಾಗದೆ ಕೊರಗುವವರೂ ಉಂಟು. ಅವರಿಗೆ “ಈಗ ಸಣ್ಣ ಆಗಿದ್ದೀಯಲ್ಲ, ಮತ್ತೇನು?” ಎನ್ನುವುದು ಸಮಾಧಾನವಲ್ಲ.

ಒಂದೆರಡು ವರ್ಷದ ನಂತರ ತೂಕ ಸ್ವಲ್ಪ ಏರುವುದು ಸಾಮಾನ್ಯ. ಬಯ್ಯುತ್ತಾರೆಂಬ ನಾಚಿಕೆಯಿಂದ ಹಲವರು ಆಗಲೇ ಆಸ್ಪತ್ರೆಗೆ ಬರುವುದನ್ನು ನಿಲ್ಲಿಸುತ್ತಾರೆ, ಅದರೊಂದಿಗೆ ರಕ್ತಪರೀಕ್ಷೆಯೂ ತಪ್ಪುತ್ತದೆ. ಮನೆಯವರು ತೂಕದ ಲೆಕ್ಕ ಕೇಳುವುದನ್ನು ಬಿಟ್ಟು, ವರ್ಷಕ್ಕೊಮ್ಮೆ ಆ ಪರೀಕ್ಷೆಗೆ ಅವರ ಜೊತೆಯಲ್ಲಿ ಬರಲಿ. ಮಂಕು ಕವಿದಂತೆ ಕಂಡರೆ ಮನೋವೈದ್ಯರ ಬಳಿಗೂ ಕರೆದೊಯ್ಯಲಿ.