ಬೋರ್ಡ್ ಮುಚ್ಚುವ ಮೊದಲು ನೋಡಬೇಕಾದದ್ದು: ಕಾಸರಗೋಡಿನ ಮನೆ, ಅಂಗಡಿಗಳ ಸೀಲಿಂಗ್ ಕೆಲಸ

ಸ್ಲ್ಯಾಬಿನ ಅಡಿಗೆ ತಗಡಿನ ಫ್ರೇಮ್ ನೇತುಹಾಕಿ ಅದಕ್ಕೆ ಜಿಪ್ಸಂ ಬೋರ್ಡ್ ಹೊಡೆಯುವ ಸೀಲಿಂಗ್ ಮಾಡಿಸಲು ಹೊರಟವರ ಮಾತೆಲ್ಲ ಡಿಸೈನಿನ ಸುತ್ತಲೇ ಇರುತ್ತದೆ. ಕೋವ್ ಲೈಟ್ (ಸೀಲಿಂಗಿನ ಅಂಚಿನ ಮಡಿಕೆಯಲ್ಲಿ ಅಡಗಿಸಿದ ದೀಪ) ಯಾವ ಬದಿಗೆ, ನಡುವೆ ಚೌಕ ಬೇಕೋ ವೃತ್ತ ಬೇಕೋ, ಬಣ್ಣ ಯಾವುದು ಎಂಬಲ್ಲಿಗೆ ಮುಗಿಯಿತು. ಬೋರ್ಡಿನ ಮೇಲ್ಗಡೆ ಏನೇನು ಕೂರಿಸುತ್ತಾರೆ ಎಂದು ಕೇಳುವವರು ಕಡಿಮೆ. ಸೀಲಿಂಗ್ ಜೋಲುವುದಕ್ಕೂ ಬಿರುಕು ಬಿಡುವುದಕ್ಕೂ ಕಾರಣ ಬಹುಪಾಲು ಇರುವುದು ಅಲ್ಲಿಯೇ. ಬೋರ್ಡ್ ಮುಚ್ಚಿ ಪೈಂಟ್ ಹೊಡೆದ ಮೇಲೆ ಒಳಗೆ ನೋಡುವಂತಿಲ್ಲ. ಆದ್ದರಿಂದ ಮನೆಯವರು ಏಣಿ ಹತ್ತಿ ನೋಡಬೇಕಾದ ದಿನ ಯಾವುದೆಂದರೆ ಫ್ರೇಮ್ ಕಟ್ಟಿ ಮುಗಿದು ಬೋರ್ಡ್ ಇನ್ನೂ ಏರದ ದಿನ.

ಮೊದಲು ತಿಳಿಯಬೇಕಾದದ್ದು ನಿಮ್ಮ ಮಾಡು ಯಾವ ಬಗೆಯದು ಎಂದು. ನಮ್ಮ ಕಡೆಯ ಹಳೆಯ ಹಂಚಿನ ಮನೆಗಳಿಗೆ ಮರದ ಮುಚ್ಚಿಗೆ ಇತ್ತು, ಅದರ ಭಾರ ಹೊರಲು ತೊಲೆಗಳಿದ್ದವು. ಈಗಿನ ಟೆರೇಸ್ ಮನೆಗಳಲ್ಲಿ ಸೀಲಿಂಗಿನ ಭಾರವೆಲ್ಲ ಸ್ಲ್ಯಾಬಿಗೆ ಕೊರೆದ ಕೆಲವು ತೂತುಗಳ ಮೇಲೆ ನಿಲ್ಲುತ್ತದೆ. ಸಾಮಾನ್ಯ ಕಾಂಕ್ರೀಟ್ ಸ್ಲ್ಯಾಬ್ ಆದರೆ ತೊಂದರೆಯಿಲ್ಲ. ಕಾಸರಗೋಡಿನಲ್ಲೂ ಕೇರಳದ ಬೇರೆ ಕಡೆಗಳಲ್ಲೂ ಖರ್ಚು ಉಳಿಸಲು ಸ್ಲ್ಯಾಬಿನ ಒಳಗೆ ಮಂಗಳೂರು ಹಂಚು ಇಟ್ಟು ಕಾಂಕ್ರೀಟ್ ಹಾಕಿದ ಫಿಲ್ಲರ್ ಸ್ಲ್ಯಾಬ್ ಮನೆಗಳೂ ಇವೆ. ಅಲ್ಲಿ ಡ್ರಿಲ್ ಹಂಚಿಗೆ ತಾಗಿದರೆ ಬಿಟ್ ಸಳ್ಳನೆ ಒಳಗೆ ಹೋಗುತ್ತದೆ, ಕೆಂಪು ಪುಡಿ ಉದುರುತ್ತದೆ. ಆ ತೂತಿನಲ್ಲಿ ಫಾಸ್ಟೆನರ್, ಅಂದರೆ ತೂತಿನೊಳಗೆ ಹಿಗ್ಗಿ ಬಿಗಿಯುವ ಬೋಲ್ಟ್, ನಿಲ್ಲುವುದಿಲ್ಲ. ತೂತು ಬಿಟ್ಟು ಹಂಚುಗಳ ನಡುವಿನ ಕಾಂಕ್ರೀಟ್ ಪಟ್ಟಿಗೆ ಸರಿದು ಹೊಸದಾಗಿ ಕೊರೆಯಬೇಕು. ಕೆಳಗೆ ಪ್ಲಾಸ್ಟರ್ ಇದ್ದರೆ ಹಂಚು ಎಲ್ಲಿದೆ ಎಂದು ಕಾಣದು. ಒಂದು ಕಡೆ ಕೊರೆದು ನೋಡಿ, ಹಂಚಿನ ಸಾಲಿನ ಅಂತರ ಗೊತ್ತುಮಾಡಿಕೊಂಡು ಆಮೇಲೆ ಗುರುತು ಹಾಕಿದರೆ ಕೆಲಸ ಕೆಡುವುದಿಲ್ಲ.

ಎರಡನೆಯದು ನೀರು. ಟೆರೇಸಿನಲ್ಲಿ ಒಸರು ಇದ್ದರೆ ಸೀಲಿಂಗ್ ಅದನ್ನು ಕೆಲವು ಕಾಲ ಮುಚ್ಚಿಡುತ್ತದೆ, ಅಷ್ಟೇ. ನೀರು ಬೋರ್ಡಿನ ಮೇಲೆ ನಿಂತು, ಬೋರ್ಡಿನ ಮೈಗೆ ಅಂಟಿಸಿರುವ ಕಾಗದ ಅದನ್ನು ಹೀರಿಕೊಂಡು, ಒಂದು ದಿನ ಹಳದಿ ಕಲೆಯಾಗಿ ಹೊಟ್ಟೆ ಬಿಡುತ್ತದೆ. ನೀರು ಹೊರಹೋಗುವ ಪೈಪಿನ ಬಾಯಿ ಮುಚ್ಚಿ, ಅಂಚಿಗೆ ಅಡ್ಡ ಕಟ್ಟಿ, ಟೆರೇಸಿನಲ್ಲಿ ಎರಡು ದಿನ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಮೇಲಿನ ಮಹಡಿಯ ಬಾತ್‌ರೂಮಿನ ಅಡಿಯಲ್ಲಿ ಇದನ್ನು ತಪ್ಪಿಸಲೇಬಾರದು. ಜಿಪ್ಸಂ ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿ ಕಳೆದು ಮಳೆ ನಿಂತ ಮೇಲಿನಿಂದ ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತು). ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಜಾಯಿಂಟಿನ ಪೇಸ್ಟ್ ಒಣಗದು, ಹೊಸ ಪ್ಲಾಸ್ಟರಿನ ತೇವ ಮನೆಯೊಳಗೇ ನಿಲ್ಲುತ್ತದೆ, ಬೂಸ್ಟು ಬರುತ್ತದೆ. ಮನೆಯೊಕ್ಕಲಿಗೆ ಮುಹೂರ್ತ ಹತ್ತಿರ ಬಂತೆಂದು ಹಸಿ ಗೋಡೆಗೆ ಬೋರ್ಡ್ ಏರಿಸಬೇಡಿ.

ಲೆವೆಲ್ ಹಿಡಿಯುವುದಕ್ಕೆ ನೆಲವನ್ನು ಆಧಾರ ಮಾಡಬಾರದು. ನೆಲ ನಾಲ್ಕು ಮೂಲೆಯಲ್ಲೂ ಒಂದೇ ಎತ್ತರ ಇರುವುದು ಅಪರೂಪ. ಲೇಸರಿನಿಂದ ಗೋಡೆಯ ಸುತ್ತ ಸುಮಾರು 1 ಮೀಟರ್ ಎತ್ತರದಲ್ಲಿ ಒಂದು ಗೆರೆ ಎಳೆದು, ಅಲ್ಲಿಂದ ಮೇಲಕ್ಕೆ ಅಳೆದು ಸೀಲಿಂಗಿನ ಗೆರೆ ಹಾಕಿಸಿ. ನೀರಿನ ಟ್ಯೂಬ್ ಲೆವೆಲಿನಿಂದಲೂ ಆಗುತ್ತದೆ, ಆದರೆ ಟ್ಯೂಬಿನಲ್ಲಿ ಗಾಳಿಗುಳ್ಳೆ ಒಂದಿದ್ದರೂ ಗೆರೆ ತಪ್ಪುತ್ತದೆ. ಸ್ಲ್ಯಾಬಿನಿಂದ ಎಷ್ಟು ಇಳಿಸಬೇಕೆಂಬುದನ್ನು ಸ್ಲ್ಯಾಬಿನ ಅತಿ ತಗ್ಗಿನ ಜಾಗದಿಂದ, ಬೀಮ್ ಇದ್ದರೆ ಬೀಮಿನ ಅಡಿಯಿಂದ ಲೆಕ್ಕ ಹಾಕಬೇಕು. ಲೈಟ್ ಕೂರಿಸಲು, ವೈರ್ ಎಳೆಯಲು 100ರಿಂದ 150 ಮಿ.ಮೀ. ಸಂದು ಬೇಕು.

ಈಗ ಫ್ರೇಮ್. 12 ಅಡಿ ಅಗಲ, 15 ಅಡಿ ಉದ್ದದ ಹಾಲ್ ತೆಗೆದುಕೊಳ್ಳೋಣ. 12.5 ಮಿ.ಮೀ. ದಪ್ಪದ ಜಿಪ್ಸಂ ಬೋರ್ಡಿಗೆ ನಮ್ಮಲ್ಲಿ ನಡೆಯುವ ಕ್ರಮ ಇದು: ಗೋಡೆಯ ಸುತ್ತ ಪೆರಿಮೀಟರ್ ಚಾನೆಲ್, ಮೇಲಿನಿಂದ ನೇತುಹಾಕಿದ ಇಂಟರ್‌ಮೀಡಿಯೆಟ್ ಚಾನೆಲ್ 4 ಅಡಿಗೊಂದು, ಅದರ ಕೆಳಗೆ ಅಡ್ಡಲಾಗಿ, ಬೋರ್ಡಿಗೆ ಸ್ಕ್ರೂ ಹೊಡೆಯುವ ಸೀಲಿಂಗ್ ಸೆಕ್ಷನ್ ಒಂದೂವರೆ ಅಡಿಗೊಂದು, ಅಂದರೆ 457 ಮಿ.ಮೀ. ಈ ಒಂದೂವರೆ ಅಡಿ ಸುಮ್ಮನೆ ಬಂದದ್ದಲ್ಲ. ಬೋರ್ಡ್ ಹೆಚ್ಚಾಗಿ ಬರುವುದು 6 ಅಡಿಗೆ 4 ಅಡಿ. ಆರು ಅಡಿಯನ್ನು ಒಂದೂವರೆಯಿಂದ ಭಾಗಿಸಿದರೆ ಸರಿಯಾಗಿ ನಾಲ್ಕು, ಬೋರ್ಡಿನ ಎರಡೂ ತುದಿ ಸೆಕ್ಷನಿನ ನಟ್ಟನಡುವೆ ಬಂದು ಕೂರುತ್ತದೆ. ಸೆಕ್ಷನ್ ಉಳಿಸಲೆಂದು ಯಾರಾದರೂ ಎರಡಡಿಗೆ ಅಂತರ ಹೆಚ್ಚಿಸಿದರೆ ನಡುವೆ ಬೋರ್ಡ್ ಜೋಲುತ್ತದೆ. ಕೋವ್ ಲೈಟ್ ಹಾಕಿದ ರಾತ್ರಿ ಅದು ಅಲೆ ಅಲೆಯಾಗಿ ಕಾಣುತ್ತದೆ.

ಈ ಹಾಲಿಗೆ ಸಾಮಾನು ಇಷ್ಟು. ಸುತ್ತಳತೆ 54 ಅಡಿ, 12 ಅಡಿ ಉದ್ದದ ಪೆರಿಮೀಟರ್ ಚಾನೆಲ್ 5. ಇಂಟರ್‌ಮೀಡಿಯೆಟ್ ಚಾನೆಲ್ ಉದ್ದುದ್ದಕ್ಕೆ ಮೂರು ಸಾಲು, ಗೋಡೆಯಿಂದ 2, 6, 10 ಅಡಿಗೆ. ಪ್ರತಿ ಸಾಲು 15 ಅಡಿ. ಮೂರು ಪೂರ್ತಿ ಚಾನೆಲ್, ನಾಲ್ಕನೆಯದನ್ನು ನಾಲ್ಕು ನಾಲ್ಕು ಅಡಿಯ ಮೂರು ತುಂಡು ಮಾಡಿದರೆ ಪ್ರತಿ ಜೋಡಣೆಯಲ್ಲಿ ಒಂದಡಿ ಓವರ್‌ಲ್ಯಾಪ್ ಸಿಗುತ್ತದೆ. ನಾಲ್ಕರಲ್ಲಿ ಕೆಲಸ ಆಯಿತು. ಸೀಲಿಂಗ್ ಸೆಕ್ಷನ್ 12 ಅಡಿಯದ್ದು 9, ಜೋಡಣೆಯೇ ಬೇಡ. ಚಾನೆಲ್ ಮತ್ತು ಸೆಕ್ಷನ್ ಕೂಡುವ 27 ಜಾಗಕ್ಕೆ 27 ಕನೆಕ್ಟಿಂಗ್ ಕ್ಲಿಪ್. ಒಂದು ಸಾಲಿಗೆ ನಾಲ್ಕರಂತೆ ನೇತುಹಾಕುವ ಪಟ್ಟಿ 12, ಪಟ್ಟಿಯನ್ನು ಸ್ಲ್ಯಾಬಿಗೆ ಹಿಡಿಸುವ ಕ್ಲೀಟ್ ಅಷ್ಟೇ, ಅಷ್ಟೇ ಆ್ಯಂಕರ್ ಫಾಸ್ಟೆನರ್. ಬೋರ್ಡ್ ಲೆಕ್ಕಕ್ಕೆ ಏಳೂವರೆ, ಅಂದರೆ 8, ಒಡೆದರೆ ಇರಲಿ ಎಂದು 9. ಸ್ಕ್ರೂ 25 ಮಿ.ಮೀ.ದು ಸುಮಾರು 300. ಕೋವ್ ಇದ್ದರೆ ಅದರ ಲೆಕ್ಕ ಬೇರೆ.

ಕೊಟೇಶನಿನಲ್ಲಿ ಚದರಡಿಗೆ ಇಷ್ಟು ಎಂಬ ದರ ಮಾತ್ರ ನೋಡದೆ ತಗಡಿನ ದಪ್ಪ ಬರೆಸಿಕೊಳ್ಳಿ. ಸೆಕ್ಷನ್ 0.55 ಮಿ.ಮೀ., ಇಂಟರ್‌ಮೀಡಿಯೆಟ್ ಚಾನೆಲ್ 0.9 ಮಿ.ಮೀ. ಇರಬೇಕು. ಅಂಗಡಿಯಲ್ಲಿ ಇದಕ್ಕಿಂತ ತೆಳುವಾದದ್ದೂ ಸಿಗುತ್ತದೆ, ದರದ ವ್ಯತ್ಯಾಸ ಹೆಚ್ಚಾಗಿ ಬರುವುದು ಇಲ್ಲಿಯೇ. ತೆಳು ಸೆಕ್ಷನಿನಲ್ಲಿ ಸ್ಕ್ರೂ ಹಿಡಿಯದೆ ಸುಮ್ಮನೆ ತಿರುಗುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿರುವವರು ಗಾಲ್ವನೈಸಿಂಗ್ (ತುಕ್ಕು ತಡೆಯುವ ಸತುವಿನ ಲೇಪ) ಬಗ್ಗೆಯೂ ಕೇಳಬೇಕು. ಉಪ್ಪುಗಾಳಿ ಮೊದಲು ಹಿಡಿಯುವುದು ಕತ್ತರಿಸಿದ ತುದಿಗಳನ್ನು. ಅವುಗಳಿಗೆ ಝಿಂಕ್ ಪೈಂಟ್ ಹಚ್ಚಿಸಿದರೆ ಒಳ್ಳೆಯದು.

ತೂಕವನ್ನೂ ನೋಡಿ. ಬೋರ್ಡ್ ಚದರ ಮೀಟರಿಗೆ ಎಂಟು ಒಂಬತ್ತು ಕಿಲೋ. ತಗಡು ಸೇರಿಸಿದರೆ ಈ ಹಾಲಿನ ಸೀಲಿಂಗ್ ಹತ್ತಿರ ಹತ್ತಿರ 180 ಕಿಲೋ. ಹನ್ನೆರಡು ಫಾಸ್ಟೆನರಿಗೆ ಹಂಚಿದರೆ ಒಂದಕ್ಕೆ 15 ಕಿಲೋ. ಲೋಹದ ಎಕ್ಸ್‌ಪ್ಯಾನ್ಶನ್ ಫಾಸ್ಟೆನರಿಗೆ ಇದು ಏನೂ ಅಲ್ಲ. ಕೆಲವರು ಗೋಡೆಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ಗನ್ನೇ ಸ್ಲ್ಯಾಬಿಗೂ ಹಾಕುತ್ತಾರೆ, ಮರದ ಬೆಣೆ ಹೊಡೆಯುವವರೂ ಇದ್ದಾರೆ. ಮೇಲ್ಮುಖದ ತೂತಿನಲ್ಲಿ ಭಾರ ನೇರ ಕೆಳಗೆ ಎಳೆಯುತ್ತದೆ. ದಿನವೂ ತಿರುಗುವ ಫ್ಯಾನಿನ ಅದುರಿಗೆ ಪ್ಲಗ್ ಒಂದೊಂದೇ ಸಡಿಲಾಗುತ್ತದೆ, ಒಂದು ಬಿಟ್ಟರೆ ಅದರ ಭಾರ ಪಕ್ಕದ್ದಕ್ಕೆ. ಫ್ರೇಮ್ ಆದ ದಿನ ನೇತಾಡುವ ಪ್ರತಿ ಪಟ್ಟಿಯನ್ನೂ ಕೈಯಿಂದ ಗಟ್ಟಿಯಾಗಿ ಕೆಳಗೆ ಜಗ್ಗಿ ನೋಡಿ. ಅಲುಗಿದರೆ ಬೇರೆ ತೂತು ಕೊರೆಯಲು ಹೇಳಿ. ಕೊರೆಯುವಾಗ ಸ್ಲ್ಯಾಬಿನೊಳಗಿನ ವೈರಿನ ಪೈಪ್ ನೆನಪಿರಲಿ. ಫ್ಯಾನ್ ಬಾಕ್ಸಿನಿಂದ ಸ್ವಿಚ್ ಬೋರ್ಡಿನ ಕಡೆಗೆ ಹೋಗುವ ದಾರಿ ಬಿಟ್ಟು ಕೊರೆಯಬೇಕು.

ಗೋಡೆಯ ಚಾನೆಲಿಗೆ ನಮ್ಮ ಕೆಂಪುಕಲ್ಲಿನದ್ದೇ ಒಂದು ಸಮಸ್ಯೆ. ಪ್ಲಾಸ್ಟರ್ ಅರ್ಧ ಇಂಚಿಗಿಂತ ದಪ್ಪ, ಒಳಗೆ ಕಲ್ಲು ಮೆತ್ತಗೆ. ಸಣ್ಣ ಸ್ಕ್ರೂವಿನ ಅರ್ಧಭಾಗ ಪ್ಲಾಸ್ಟರಿನಲ್ಲೇ ಉಳಿಯುತ್ತದೆ. 50 ಮಿ.ಮೀ.ಗೆ ಕಡಿಮೆಯಿಲ್ಲದ ಸ್ಕ್ರೂ, ಅದಕ್ಕೆ ತಕ್ಕ ಉದ್ದದ ಪ್ಲಗ್ ಬೇಕು. ಡ್ರಿಲ್ಲಿನ ಹ್ಯಾಮರ್ ನಿಲ್ಲಿಸಿ ಕೊರೆದರೆ ತೂತು ಅಗಲವಾಗುವುದಿಲ್ಲ. ಪೆರಿಮೀಟರ್ ಚಾನೆಲಿಗೆ 610 ಮಿ.ಮೀ.ಗೊಂದು ಸ್ಕ್ರೂ ಎಂಬುದು ಸಾಮಾನ್ಯ ಲೆಕ್ಕ. ಕೆಂಪುಕಲ್ಲಿನ ಗೋಡೆಯಲ್ಲಿ ಒಂದೂವರೆ ಅಡಿಗೊಂದು ಹಾಕಿಸುವುದೇ ಕ್ಷೇಮ.

ಬೋರ್ಡಿನ ಉದ್ದ ಯಾವಾಗಲೂ ಸೆಕ್ಷನಿಗೆ ಅಡ್ಡವಾಗಿ ಬರಬೇಕು. ನಮ್ಮ ಹಾಲಿನಲ್ಲಿ ಮೊದಲ ಸಾಲು 6, 6, 3 ಅಡಿ, ಎರಡನೆಯದು 3, 6, 6, ಮೂರನೆಯದು ಮತ್ತೆ 6, 6, 3. ಹೀಗೆ ಕಲ್ಲು ಕಟ್ಟಿದಂತೆ ಸಂದು ತಪ್ಪಿಸಿದರೆ ನಾಲ್ಕು ಬೋರ್ಡಿನ ಮೂಲೆ ಒಂದೇ ಕಡೆ ಸೇರುವುದಿಲ್ಲ. ಸೇರಿದಲ್ಲಿ ಬಿರುಕು ಬರುವುದು ಖಂಡಿತ. ಸ್ಕ್ರೂ 230 ಮಿ.ಮೀ.ಗೊಂದು, ಅಂಚಿನಿಂದ 10ರಿಂದ 15 ಮಿ.ಮೀ. ಒಳಗೆ. ಅದರ ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಹೋಗಬೇಕು, ಕಾಗದ ಹರಿಯಬಾರದು. ಬೋರ್ಡನ್ನು ಹಿಡಿದಿರುವುದು ಆ ಕಾಗದವೇ. ಹರಿದರೆ ಸ್ಕ್ರೂ ಬರೀ ಪುಡಿಯಲ್ಲಿ ನಿಂತಂತೆ. ಬೆರಳಾಡಿಸಿದರೆ ಗೊತ್ತಾಗುತ್ತದೆ: ಸರಿಯಾದದ್ದು ಸಣ್ಣ ಬಟ್ಟಲಿನ ಹಾಗೆ ನುಣ್ಣಗೆ, ಹರಿದದ್ದು ತರಿತರಿ. ಹರಿದಿದ್ದರೆ ಎರಡಿಂಚು ಪಕ್ಕದಲ್ಲಿ ಇನ್ನೊಂದು ಹೊಡೆಸಿ. ಕೋವ್ ಮೂಲೆಯಲ್ಲಿ, ಎಸಿ ತೂತಿನ ಮೂಲೆಯಲ್ಲಿ ಬೋರ್ಡಿನ ಜೋಡಣೆ ಬರಕೂಡದು. ಪೂರ್ತಿ ಬೋರ್ಡನ್ನು ಮೂಲೆಯ ಆಕಾರಕ್ಕೆ ಕತ್ತರಿಸಿ ಕೂರಿಸಬೇಕು. ಬೋರ್ಡ್ ಹಾಳಾಗುತ್ತದೆಂದು ಇದನ್ನು ಬಿಡುವುದರಿಂದಲೇ ಹೆಚ್ಚಿನ ಮನೆಗಳಲ್ಲಿ ಕೋವ್ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ.

ಜಾಯಿಂಟಿಗೆ ಜಾಯಿಂಟಿಂಗ್ ಕಾಂಪೌಂಡ್, ಪೇಪರ್ ಟೇಪ್. ಒಂದು ಪದರ ಎಳೆದು, ಹಸಿಯಿರುವಾಗಲೇ ಟೇಪ್ ಒತ್ತಿ ಒಳಗಿನ ಗಾಳಿ ತೆಗೆದು, ಒಣಗಿದ ಮೇಲೆ ಅದಕ್ಕಿಂತ ಅಗಲಕ್ಕೆ ಎರಡನೆಯದು, ಇನ್ನೂ ಅಗಲಕ್ಕೆ ಮೂರನೆಯದು. ಒಂದೇ ದಿನದಲ್ಲಿ ಮೂರೂ ಮುಗಿಸಿದವರು ಬಿರುಕನ್ನೂ ಜೊತೆಗೇ ಇಟ್ಟು ಹೋಗುತ್ತಾರೆ. ಗೋಡೆಗೆ ಹಾಕುವ ಬಿಳಿ ಸಿಮೆಂಟಿನ ಪುಟ್ಟಿ ಈ ಕಾಗದಕ್ಕೆ ಸರಿಯಾಗಿ ಅಂಟದು.

ಇಲ್ಲಿ ಕೆಲಸಕ್ಕೆ ಬರುವವರಲ್ಲಿ ಹೊರರಾಜ್ಯದ ಭಾಯಿಗಳು ಬಹಳ. ಕೈಕೆಲಸ ಅಚ್ಚುಕಟ್ಟು. ಅಳತೆಗಳನ್ನು ಬಾಯಿಮಾತಿನಲ್ಲಿ ಹೇಳುವ ಬದಲು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟರೆ ಗೊಂದಲವಾಗುವುದಿಲ್ಲ.

ಫ್ಯಾನ್ ಸ್ಲ್ಯಾಬಿನ ಕೊಕ್ಕೆಗೇ ನೇತಾಡಬೇಕು. ಸೀಲಿಂಗಿನ ತೂತಿನ ಸುತ್ತ ಹಾಕುವ ಪ್ಲೈವುಡ್ ಬಳೆ ಫ್ಯಾನ್ ರಾಡಿನ ಕಪ್ ಕೂರಲು ಮಾತ್ರ, ಫ್ಯಾನಿನ ಭಾರ ಅದಕ್ಕೆ ಬೀಳಬಾರದು. ಎಲೆಗಳಿಂದ ಸೀಲಿಂಗಿಗೆ ಒಂದಡಿಯಾದರೂ ಬಿಡಲು ಉದ್ದದ ರಾಡ್ ತರಿಸಿ, ಇಲ್ಲವಾದರೆ ಗಾಳಿ ಬಾರದು. ವೈರೆಲ್ಲ ಪೈಪಿನೊಳಗೆ ಹೋಗಲಿ. ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹೋದ ವೈರ್ ಇಡೀ ಫ್ರೇಮಿಗೆ ಕರೆಂಟ್ ಕೊಡಬಲ್ಲದು. ಮುಚ್ಚುವ ಮೊದಲು ಪ್ರತಿ ಗೋಡೆಯ ಕಡೆಯಿಂದ ಫೋಟೋ ತೆಗೆದಿಡಿ, ಅಳತೆ ಟೇಪ್ ಫೋಟೋದಲ್ಲಿ ಕಾಣುವಂತೆ. ಮುಂದೆ ಲೈಟಿಗೆ ತೂತು ಮಾಡುವಾಗ ಸೆಕ್ಷನ್ ಎಲ್ಲಿದೆ ಎಂದು ಹುಡುಕಬೇಕಿಲ್ಲ. ಮೇಲೆ ಬಾತ್‌ರೂಮಿನ ಪೈಪ್ ಇದ್ದಲ್ಲಿ ತೆಗೆದು ಹಾಕುವಂಥ ಬಾಗಿಲು ಬಿಡಿ, 450 ಮಿ.ಮೀ. ಚೌಕವಾದರೂ ಸಾಕು.

ಅಂಗಡಿ, ಕ್ಲಿನಿಕ್‌ಗಳಿಗೆ ಜಿಪ್ಸಂಗಿಂತ ಗ್ರಿಡ್ ಸೀಲಿಂಗ್, ಅಂದರೆ ಟೀ ಆಕಾರದ ಪಟ್ಟಿಗಳ ಚೌಕಗಳಲ್ಲಿ ಟೈಲ್ ಇಡುವುದು, ಒಳ್ಳೆಯದು, ಟೈಲ್ ಎತ್ತಿದರೆ ಒಳಗೆ ಕೈ ಹಾಕಬಹುದು. ಮೇನ್ ಟೀ 1200 ಮಿ.ಮೀ.ಗೊಂದು, ಅವುಗಳ ನಡುವೆ 1200ರ ಅಡ್ಡ ಟೀ 600ಕ್ಕೊಂದು, ಆ ಅಡ್ಡ ಟೀಗಳ ನಡುವೆ 600ರದ್ದು. ನೂರು ಚದರಡಿಗೆ ಟೈಲ್ 26, ಅಡ್ಡ ಟೀ ಎರಡು ಬಗೆಯದ್ದೂ 13ರಂತೆ, ಮೇನ್ ಟೀ ಸುಮಾರು 8 ಮೀಟರ್. ಗೋಡೆಯಿಂದಲೇ ಪೂರ್ತಿ ಟೈಲ್ ಶುರುಮಾಡುವುದು ಸಾಮಾನ್ಯ ತಪ್ಪು. 3660 ಮಿ.ಮೀ. ಅಗಲದ ಕೋಣೆಯಲ್ಲಿ ಆರು ಟೈಲ್ ಆಗಿ ಕೊನೆಗೆ 60 ಮಿ.ಮೀ. ಪಟ್ಟಿ ಉಳಿಯುತ್ತದೆ, ಅದನ್ನು ಕತ್ತರಿಸಿ ಕೂರಿಸಲಾಗದು. ನಡುವಿನಿಂದ ಲೆಕ್ಕ ಹಾಕಿ ಐದು ಪೂರ್ತಿ ಟೈಲ್ ಇಟ್ಟರೆ ಎರಡೂ ಬದಿಗೆ 330 ಮಿ.ಮೀ. ಸಮವಾಗಿ ಬರುತ್ತದೆ. ಮೊದಲ ಚೌಕದ ಕರ್ಣ ಅಳೆಯಿರಿ: 600ರ ಚೌಕಕ್ಕೆ ಎರಡೂ ಕಡೆ 849 ಮಿ.ಮೀ. ಇರಬೇಕು. ಅಲ್ಲಿ ಓರೆಯಾದರೆ ಕೊನೆಯ ಸಾಲಿನ ಟೈಲ್ ಚೌಕದೊಳಗೆ ಕೂರುವುದಿಲ್ಲ ಅಥವಾ ಕೆಳಗೆ ಬಿದ್ದೇ ಬರುತ್ತದೆ. ಎಲ್ಇಡಿ ಪ್ಯಾನೆಲಿನ ಭಾರ ಟೀ ಮೇಲೆ ಬಿಡದೆ, ಎದುರುಬದುರು ಮೂಲೆಯಿಂದ ಎರಡು ತಂತಿ ಬೇರೆಯಾಗಿ ಸ್ಲ್ಯಾಬಿಗೆ ಕಟ್ಟಿಸಿ. ಮಿನರಲ್ ಫೈಬರ್ ಟೈಲ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಆರ್‌ಎಚ್ ಅಂಕಿ (ಟೈಲ್ ತಡೆಯಬಲ್ಲ ಗಾಳಿಯ ತೇವಾಂಶ) ನೋಡಿ. ನಮ್ಮ ಮಳೆಗಾಲಕ್ಕೆ 99 ಇರುವುದೇ ಬೇಕು, ಕಡಿಮೆಯದ್ದು ಜುಲೈ ಕಳೆಯುವಾಗ ನಡುವೆ ಕುಸಿದಿರುತ್ತದೆ.

ಸಿಟೌಟ್, ಕಾರ್ ಪೋರ್ಚುಗಳಿಗೆ ಜಿಪ್ಸಂ ಬೇಡವೇ ಬೇಡ. ಎರಚಲು ಹೊಡೆಯುವಲ್ಲಿ ಪಿವಿಸಿ ಅಥವಾ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್. ತೆರೆದ ಜಾಗದಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ತಂತಿ ಎಳೆತವನ್ನು ತಡೆಯುತ್ತದೆ, ಒತ್ತಡವನ್ನು ತಡೆಯದು. ಅಲ್ಲಿ ಗಟ್ಟಿ ಆ್ಯಂಗಲ್ಲಿನಿಂದಲೇ ನೇತುಹಾಕಬೇಕು.

ಶೀಟ್ ಮಾಡಿನ ಅಡಿಯಲ್ಲಿ ಮಾಡುವುದಾದರೆ ಪಟ್ಟಿಗಳನ್ನು ಮಾಡು ಹೊರುವ ಚೌಕಟ್ಟಾದ ಟ್ರಸ್ಸಿನ ಪೈಪಿಗೆ ಹಾಕಿಸಿ, ಶೀಟ್ ಕೂತಿರುವ ಪರ್ಲಿನಿಗೆ ಬೇಡ. ಬಿಸಿಲಿಗೆ ಶೀಟ್ ಹಿಗ್ಗಿ ಕುಗ್ಗುವಾಗ ಪರ್ಲಿನ್ ಅಲುಗುತ್ತದೆ, ಜಾಯಿಂಟ್ ಒಡೆಯುತ್ತದೆ. ಅದಕ್ಕೇ ಅಲ್ಲಿ ಗ್ರಿಡ್ ಅಥವಾ ಪಿವಿಸಿ ಹೆಚ್ಚು ಬಾಳುತ್ತದೆ. ಮಾಡಿನ ಇಳಿಜಾರಿನ ತುದಿಯ ಸಂದುಗಳಿಗೆ ಗಟ್ಟಿ ಜಾಲರಿ ಹೊಡೆಸದೆ ಸೀಲಿಂಗ್ ಮುಚ್ಚಬೇಡಿ. ಇಲಿ, ಬಾವಲಿ, ಮರಬೆಕ್ಕು ಒಳಗೆ ಸೇರಿಕೊಂಡರೆ ಬೋರ್ಡ್ ಬಿಚ್ಚದೆ ಓಡಿಸಲಾಗದು. ಗಾಳಿ ಆಡಲು ಜಾಲರಿ ಬೇಕೇ ಬೇಕು, ಸಿಮೆಂಟಿನಿಂದ ಪೂರ್ತಿ ಮುಚ್ಚಿದರೆ ಶೀಟಿನ ಅಡಿಯಲ್ಲಿ ರಾತ್ರಿ ಕೂರುವ ಪಸೆ ಬೋರ್ಡಿನ ಮೇಲೆ ತೊಟ್ಟಿಕ್ಕುತ್ತದೆ.