ಐದು ಸಲ ಎದ್ದು ಕೂರಲು 19 ಸೆಕೆಂಡು

ಮೈಸೂರಿನ ಒಂದು ಮನೆ, ಬೆಳಗಿನ ಫಿಸಿಯೋ ಭೇಟಿ. ಅಜ್ಜಿಗೆ 74 ವರ್ಷ, ತೂಕ 52 ಕೆ.ಜಿ. ಜ್ವರ ಬಂದು ಹತ್ತು ದಿನ ಹಾಸಿಗೆ ಹಿಡಿದಿದ್ದರು. ಜ್ವರ ಬಿಟ್ಟು ಎರಡು ತಿಂಗಳಾದರೂ ದೇವರ ಮನೆಯಲ್ಲಿ ನೆಲಕ್ಕೆ ಕೂತರೆ ಎಬ್ಬಿಸಲು ಒಬ್ಬರು ಬೇಕು. ಮಂಡಿ ಸವೆದಿದೆ ಅಂತ ಮಗನ ತೀರ್ಮಾನ. "ಮಂಡಿ ನೋಯಲ್ಲಪ್ಪ, ಕಾಲಲ್ಲಿ ಕಸುವೇ ಇಲ್ಲ" ಅಂತ ಅಜ್ಜಿ. ಅಜ್ಜಿ ಹೇಳಿದ್ದೇ ಸರಿ. ಬಳೆಗಳು ಮೊಣಕೈ ಕಡೆಗೆ ಜಾರುತ್ತಿದ್ದವು, ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಲು ಸೊಸೆಯನ್ನು ಕೂಗಬೇಕಿತ್ತು.

ಕೈ ಇಲ್ಲದ ಊಟದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟದ್ದಾಯಿತು. ಕೂರುವ ಜಾಗ ನೆಲದಿಂದ ಸುಮಾರು 45 ಸೆಂ.ಮೀ. ಇರಬೇಕು, ಸೋಫಾ, ಪ್ಲಾಸ್ಟಿಕ್ ಸ್ಟೂಲು ಬೇಡ. ಎರಡೂ ಕೈ ಎದೆಗೆ ಕಟ್ಟಿ ಐದು ಸಲ ಪೂರ್ತಿ ಎದ್ದು ಕೂರಬೇಕು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆ 12 ಸೆಕೆಂಡು. ಅದಕ್ಕೂ ಹೆಚ್ಚು ಹಿಡಿದರೆ ಬಲ ಕಡಿಮೆ. ಅಜ್ಜಿಗೆ ಹಿಡಿದದ್ದು 19. ಮೂರನೇ ಸಲಕ್ಕೇ ಕೈ ತಾನಾಗಿ ತೊಡೆಗೆ ಇಳಿಯಿತು, ಕೂರುವಾಗ ಧೊಪ್ಪನೆ ಬಿದ್ದರು. ಏಳುವುದಕ್ಕಿಂತ ಆ ಧೊಪ್ಪೇ ಹೆಚ್ಚು ಹೇಳುತ್ತದೆ: ಮೈಭಾರವನ್ನು ನಿಧಾನಕ್ಕೆ ಇಳಿಸುವ ಶಕ್ತಿ ತೊಡೆಗೆ ಉಳಿದಿಲ್ಲ. ಮಾಪಕ ಹಿಂಡಿದಾಗ ಕೈಹಿಡಿತದ ಬಲ 14 ಕೆ.ಜಿ., ಹೆಂಗಸರಿಗೆ 18 ಇರಬೇಕು. ಮೀನಖಂಡದ ಸುತ್ತಳತೆ 29 ಸೆಂ.ಮೀ., 33 ಇರಬೇಕು. ಟೇಪು ಹಿಡಿಯುವ ಮೊದಲು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ನೋಡಬೇಕು. ಗುಳಿ ಬಿದ್ದರೆ ಬಾವು ಇದೆ, ಅಳತೆ ನಂಬುವಂತಿಲ್ಲ.

ವಯಸ್ಸಾದಂತೆ ಸ್ನಾಯು ಸೊರಗಿ ಬಲ ಕುಂದುವುದಕ್ಕೆ ಸಾರ್ಕೋಪೀನಿಯಾ ಅಂತ ಹೆಸರು. ಇಟ್ಟವರು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್, 1980ರ ದಶಕದ ಕೊನೆಗೆ. ವಯಸ್ಸಾದಂತೆ ಮೊದಲು ಸೊರಗುವುದು ಥಟ್ಟನೆ ಕೆಲಸ ಮಾಡುವ ಸ್ನಾಯುವಿನ ಎಳೆಗಳು. ಎಡವಿದಾಗ ಕಾಲು ಮುಂದಿಟ್ಟು ಬೀಳದಂತೆ ತಡೆಯುವುದು ಅವೇ. ಹಾಸಿಗೆ ಹಿಡಿದರೆ ಸೊರಗುವುದು ಇನ್ನೂ ಜೋರು. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಮಲಗಿಸಿ ನೋಡಿದ 2007ರ ಅಧ್ಯಯನದಲ್ಲಿ ಕಾಲುಗಳಿಂದಲೇ ಸುಮಾರು 1 ಕೆ.ಜಿ. ಮಾಂಸ ಕರಗಿತ್ತು. "ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿಸ್ತೀವಲ್ಲ" ಅಂದರು ಮಗ. ವಾಕಿಂಗು ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು. ತೊಡೆಗೆ ಬೇಕಾದ ಭಾರ ಅದರಲ್ಲಿ ಸಿಗುವುದಿಲ್ಲ.

ಆಮೇಲೆ ಊಟದ ಲೆಕ್ಕ. ಬೆಳಿಗ್ಗೆ ಎರಡು ಇಡ್ಲಿ, ಕಾಫಿ. ಮಧ್ಯಾಹ್ನ ಅನ್ನ, ಪಲ್ಯ, ತಿಳಿಸಾರು, ನೀರು ಮಜ್ಜಿಗೆ. ರಾತ್ರಿ ಒಂದು ಚಪಾತಿ. ಎಲ್ಲ ಕೂಡಿಸಿದರೂ ಪ್ರೋಟೀನು 30 ಗ್ರಾಂ ಮುಟ್ಟುವುದು ಕಷ್ಟ. ಹಿರಿಯರಿಗೆ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಬೇಕು, ಈ ಅಜ್ಜಿಗೆ 52ರಿಂದ 62 ಗ್ರಾಂ. ಅಡುಗೆಮನೆಯಲ್ಲಿ ನೋಡಿದರೆ ಕಾರಣ ಪಾತ್ರೆಯಲ್ಲೇ ಇತ್ತು. ಬೇಳೆ ಅರಗುವುದಿಲ್ಲವೆಂದು ಸೊಸೆ ಸೌಟನ್ನು ಅಲುಗಿಸದೆ ಮೇಲಿನ ತಿಳಿಯನ್ನಷ್ಟೇ ಬಡಿಸುತ್ತಿದ್ದರು. ಬೇಳೆ ತಳದಲ್ಲೇ ಉಳಿಯುತ್ತಿತ್ತು. ಅಕ್ಕರೆಯಿಂದಲೇ ಮಾಡಿದ್ದು, ಆದರೆ ಅಜ್ಜಿಗೆ ಅದೇ ಉಪವಾಸ.

ಬದಲಾವಣೆ ದೊಡ್ಡದೇನಲ್ಲ. ಇಡ್ಲಿ ಜೊತೆಗೆ 40 ಗ್ರಾಂ ಹೆಸರುಕಾಳಿನ ಉಸ್ಲಿ (9 ಗ್ರಾಂ), 200 ಎಂ.ಎಲ್. ಹಾಲು (6). ಮಧ್ಯಾಹ್ನ 40 ಗ್ರಾಂ ಬೇಳೆಯ ಗಟ್ಟಿ ತೊವ್ವೆ, ಒಂದು ಬಟ್ಟಲು ಮೊಸರು. ಸಂಜೆ 30 ಗ್ರಾಂ ಹುರಿಗಡಲೆ. ಹಲ್ಲಿಲ್ಲದವರಿಗೆ ಪುಡಿ ಮಾಡಿ ಕೊಟ್ಟರಾಯಿತು. ರಾತ್ರಿ ಪಲ್ಯಕ್ಕೆ 25 ಗ್ರಾಂ ಸೋಯಾ ಚಂಕ್ಸ್ (13). ಮೊಟ್ಟೆ ತಿನ್ನುವ ಮನೆಯಾದರೆ ಕೆಲಸ ಇನ್ನೂ ಸಲೀಸು, ಒಂದಕ್ಕೆ 6 ಗ್ರಾಂ. ವಯಸ್ಸಾದ ಸ್ನಾಯುವಿಗೆ ಚೂರುಪಾರು ಸಾಲದು, ಹೊತ್ತಿಗೆ 20-25 ಗ್ರಾಂ ಆದರೂ ಬೀಳಬೇಕು. ಆದರೆ ಮೊದಲು ಕ್ರಿಯಾಟಿನಿನ್ ಪರೀಕ್ಷೆ, ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ನಡೆಯದು, ಡಾಕ್ಟರೇ ಹೇಳಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೂ ಹಾಗೆಯೇ.

ವ್ಯಾಯಾಮ ಅದೇ ಕುರ್ಚಿಯಲ್ಲಿ. ಕೂರುವ ಜಾಗಕ್ಕೆ ಎರಡು ಗಟ್ಟಿ ದಿಂಬು ಹಾಕಿ ಎತ್ತರಿಸಿದ್ದಾಯಿತು. ಪಾದ ಮಂಡಿಗಿಂತ ತುಸು ಹಿಂದೆ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಬಾಗಿ ಏಳಬೇಕು. ಹೆಚ್ಚಿನವರು ಪಾದ ಮುಂದೆ ಚಾಚಿ ಏಳಲು ಹೋಗಿ ಹಿಂದಕ್ಕೇ ಬೀಳುತ್ತಾರೆ. ಕೂರಲು ಮೂರು ಎಣಿಕೆ, ಅದೂ ಬಾಯಿಬಿಟ್ಟು. ಉಸಿರು ಬಿಗಿಹಿಡಿದರೆ ಬಿ.ಪಿ. ಏರುತ್ತದೆ, ಬಾಯಲ್ಲಿ ಎಣಿಸುವವರಿಗೆ ಉಸಿರು ಹಿಡಿಯಲಾಗದು. 8 ಸಲ, ಎರಡು ನಿಮಿಷ ಬಿಟ್ಟು ಮತ್ತೆ 8, ವಾರಕ್ಕೆ ಮೂರು ದಿನ. ಕೊನೆಯ ಎರಡು ಸಲ ಕಷ್ಟ ಅನಿಸಲೇಬೇಕು. 12 ಸಲ ಏಳುವುದು ಸಲೀಸಾದ ದಿನ ಒಂದು ದಿಂಬು ತೆಗೆಯುವುದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಮಾರನೇ ದಿನ ತೊಡೆ ಬಿಗಿದು ನೋಯುವುದು ಸಹಜ. ಮಂಡಿ ಊದಿದರೆ, ಚುಚ್ಚಿದಂತೆ ನೋವಾದರೆ ನಿಲ್ಲಿಸಬೇಕು.

"ಈ ವಯಸ್ಸಲ್ಲಿ ಇದೆಲ್ಲ ಆಗುತ್ತೇನಪ್ಪ?" ಅಂದರು ಅಜ್ಜಿ. ಬಾಸ್ಟನ್ನಿನಲ್ಲಿ 90ರ ಆಸುಪಾಸಿನವರಿಗೆ 8 ವಾರ ಭಾರದ ವ್ಯಾಯಾಮ ಮಾಡಿಸಿದ್ದರು, 1990ರಲ್ಲಿ ವರದಿ ಬಂತು. ಮುಗಿಸಿದ ಒಂಬತ್ತು ಮಂದಿಯ ತೊಡೆಬಲ ಸರಾಸರಿ ಶೇ. 174ರಷ್ಟು ಏರಿತ್ತು.

ಆರನೇ ವಾರ ಅಜ್ಜಿಯ ಐದು ಸಲಕ್ಕೆ 14 ಸೆಕೆಂಡು, ವ್ಯಾಯಾಮಕ್ಕೆ ಈಗ ದಿಂಬು ಒಂದೇ. ಟೇಪು ಮಾತ್ರ ಇನ್ನೂ 29ರಲ್ಲೇ ನಿಂತಿದೆ. ಮೊದಲು ಚುರುಕಾಗುವುದು ನರ, ಮಾಂಸ ತುಂಬಲು ತಿಂಗಳುಗಳೇ ಬೇಕು.