ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಗೆದ್ದವರಲ್ಲಿ ನನ್ನ ಲೆಕ್ಕದಲ್ಲಿ ಯಾರು ಮೇಲೆ, ಯಾರಿಗೆ ಹೊಗಳಿಕೆ ಜಾಸ್ತಿ ಆಯ್ತು

ಮೊನ್ನೆ ವಿರಾಜಪೇಟೆಯಿಂದ ತಂಗಿ ವಾಯ್ಸ್ ಮೆಸೇಜ್ ಕಳ್ಸಿದ್ಲು. "ಅಕ್ಕಾ, ನೀನು ಅಡಿಲೇಡಲ್ಲೇ ಇದ್ದೀಯಲ್ಲ, ಲಾರಾ ಶರಾಡ್ ಗೆದ್ದಿದ್ದು ಸರೀನಾ, ಇಲ್ಲಾ ಮೂರನೇ ಸಲ ಬಂದಿದ್ದಾಳೆ ಪಾಪ ಅಂತ ಕೊಟ್ಬಿಟ್ರಾ?" ಅಂತ. ಹಿಂದೆ ಮಳೆಯ ಸದ್ದು ಎಷ್ಟು ಜೋರಾಗಿತ್ತು ಅಂದ್ರೆ ಅರ್ಧ ಮಾತು ಕೇಳ್ಸಲೇ ಇಲ್ಲ. ನಾವಿಬ್ರೂ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಅನ್ನೋ ಈ ಅಡುಗೆ ಸ್ಪರ್ಧೆಯ ಶೋ ನೋಡಿ ಬೆಳೆದವರು, ರಾತ್ರಿ ಸ್ಟಾರ್ ವರ್ಲ್ಡ್‌ನಲ್ಲಿ ಬರ್ತಿತ್ತು, ಸರಿಯಾಗಿ ಜಡ್ಜ್ ಬಾಯಿಗೆ ಚಮಚ ಇಡೋ ಹೊತ್ತಿಗೆ ಡಿಶ್ ಸಿಗ್ನಲ್ ಹೋಗ್ತಿತ್ತು ಇಲ್ಲಾ ಕರೆಂಟೇ ಹೋಗ್ತಿತ್ತು, ಯಾರು ಎಲಿಮಿನೇಟ್ ಆದ್ರು ಅಂತ ತಿಳಿಯೋಕೆ ಮಾರನೇ ದಿನ ಮರುಪ್ರಸಾರ ಕಾಯ್ಬೇಕಿತ್ತು.

ಅವಳಿಗೆ ಉತ್ತರ ಬರೀತಾ ಹೋದ್ರೆ ಉದ್ದ ಆಯ್ತು, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದ್ದೀನಿ.

ಮೊದ್ಲು ಲಾರಾ. ಪಾಪ ಅಂತ ಕೊಟ್ಟಿದ್ದಲ್ಲ ಕಣೇ. 2014ರಲ್ಲಿ 18 ವರ್ಷದ ಹುಡುಗಿ ಬ್ರೆಂಟ್ ಓವೆನ್ಸ್ ಎದುರು ಸೋತ್ಲು, 2020ರಲ್ಲಿ ಎಮಿಲಿಯಾ ಜಾಕ್ಸನ್ ಎದುರು ಮತ್ತೆ ಸೋತ್ಲು, ಆಮೇಲೂ ಅದೇ ಕಿಚನ್‌ಗೆ ಬಂದು 2025ರಲ್ಲಿ ಗೆದ್ಲು. ಫೈನಲ್‌ನಲ್ಲಿ ಎದುರಿಗಿದ್ದ ಕ್ಯಾಲಮ್ ಹಾನ್ ಕೂಡ 2010ರಲ್ಲಿ ಎರಡನೇ ಸ್ಥಾನಕ್ಕೆ ನಿಂತವನೇ. ಇಬ್ರೂ ನಮ್ಮ ಅಡಿಲೇಡಿನವರು, ಇಲ್ಲಿ ಆವತ್ತು ಯಾರ ಪರ ಕೂಗಬೇಕು ಅಂತಲೇ ಜನಕ್ಕೆ ಗೊತ್ತಾಗ್ಲಿಲ್ಲ. ಲಾರಾ ಪಾಸ್ತಾ ಬಿಟ್ಟು ಹೊರಗೆ ಬರಲ್ಲ ಅಂತ 2020ರಲ್ಲಿ ಎಷ್ಟು ಜನ ಬೈದ್ರು. ಬರಬೇಕಾದ್ರೂ ಯಾಕೆ? ಮನೇಲಿ ಕಲಿತ ಕೈಯಡುಗೆ ಅದು, ಅದನ್ನೇ ವರ್ಷ ವರ್ಷ ತಿದ್ದಿ ತಿದ್ದಿ ಅಷ್ಟು ಚೆನ್ನಾಗಿ ಮಾಡಿದ್ಲು.

ಆದ್ರೆ ನನ್ನ ಪಟ್ಟಿಲಿ ಮೊದಲನೇ ಹೆಸರು ಸಾಶಿ ಚೆಲಯ್ಯ, 2018. ಸಿಂಗಾಪುರದಲ್ಲಿ ಹುಟ್ಟಿದ ತಮಿಳು ಮನೆತನದವರು, ಅಲ್ಲಿ ಪೊಲೀಸ್ ಆಗಿದ್ರು, ಇಲ್ಲಿಗೆ ಬಂದು ಜೈಲಿನಲ್ಲಿ ಅಧಿಕಾರಿಯಾಗಿ ಕೆಲಸ ಮಾಡ್ತಿದ್ರು. ಫೈನಲ್‌ನಲ್ಲಿ ಸಾಂಬಲ್ (ಮೆಣಸಿನಕಾಯಿ ಅರೆದ ಖಾರದ ಮಸಾಲೆ) ಸಿಗಡಿ ಮಾಡಿದ್ರು. ಖಾರ ಕಮ್ಮಿ ಮಾಡ್ಲಿಲ್ಲ, ಬಿಳಿಯರ ನಾಲಿಗೆಗೆ ಅಂತ ಕ್ರೀಮ್ ಸುರೀಲಿಲ್ಲ. ಗೆದ್ದ ಮೇಲೆ ಇದೇ ಊರಲ್ಲಿ ಗಜ ಅಂತ ರೆಸ್ಟೋರೆಂಟ್ ತೆಗೆದ್ರು. ನಮ್ಮ ಮನೇಲಿ ತಿನ್ನೋ ಹಾಗೇ ಮಾಡಿ ಅದನ್ನ ಎರಡೂವರೆ ಲಕ್ಷ ಡಾಲರ್ ಬಹುಮಾನದ ಮೇಜಿನ ಮೇಲೆ ಇಡೋಕೆ ಎಷ್ಟು ಧೈರ್ಯ ಬೇಕು ಅನ್ನೋದು ಹೊರನಾಡಲ್ಲಿ ಇದ್ದವರಿಗೆ ಗೊತ್ತು.

ಎರಡನೇದು ಬಿಲ್ಲಿ ಮೆಕೇ, ಇದ್ರಲ್ಲಿ ಯಾರೂ ಜಗಳ ಆಡ್ಬೇಡಿ. 2015ರಲ್ಲಿ ಗೆದ್ದು 2022ರಲ್ಲಿ ಮತ್ತೆ ಬಂದು ಮತ್ತೆ ಗೆದ್ದವಳು, ಎರಡು ಸಲ ಗೆದ್ದವರು ಬೇರೆ ಯಾರೂ ಇಲ್ಲ. 2015ರ ಫೈನಲ್‌ನಲ್ಲಿ ಇಂಗ್ಲೆಂಡಿನ ಹೆಸರಾಂತ ಶೆಫ್ ಹೆಸ್ಟನ್ ಬ್ಲೂಮೆಂಥಾಲ್ ಅವರ ಆ ದ್ರಾಕ್ಷಿ ಗೊಂಚಲಿನ ಥರ ಕಾಣೋ ಡೆಸರ್ಟ್ ಮಾಡಿದ್ದು ನೆನಪಿದ್ಯಾ, ಅದನ್ನ ನೋಡಿ ಅವರು ತಮ್ಮ ಕಿಚನ್‌ಗೇ ಕೆಲಸಕ್ಕೆ ಕರೆದ್ರು. ಕೈ ಒಂದು ಸಲಾನೂ ನಡುಗಲಿಲ್ಲ. ಮೂರನೇದು ಆಡಮ್ ಲಿಯಾ, 2010, ಲಾಯರ್ ಆಗಿದ್ದವರು. ಗೆದ್ದ ಮೇಲೆ ಟಿವೀಲಿ ಇಷ್ಟು ವರ್ಷ ಒಂದೇ ಸಮ ಅಡುಗೆ ಹೇಳಿಕೊಡ್ತಾ ಬಂದಿದ್ದಾರೆ. ಅನ್ನ ಹೇಗೆ ಮಾಡ್ಬೇಕು ಅಂತ ಇಲ್ಲಿನವರಿಗೆ ಮರ್ಯಾದೆಯಿಂದ ಹೇಳಿಕೊಟ್ಟವರು ಅವರು.

2023ರ ಬ್ರೆಂಟ್ ಡ್ರೇಪರ್ ಬಗ್ಗೆ ಒಂದು ಮಾತು. 2021ರಲ್ಲಿ ಮನಸ್ಸಿನ ಆರೋಗ್ಯ ಸರಿ ಇಲ್ಲ ಅಂತ ಮಧ್ಯದಲ್ಲೇ ಬಿಟ್ಟು ಮನೆಗೆ ಹೋದವರು, ಎರಡು ವರ್ಷ ಬಿಟ್ಟು ಬಂದು ಗೆದ್ರು. ನಾನು ನರ್ಸ್, ಇದಕ್ಕಿಂತ ದೊಡ್ಡ ಗೆಲುವು ನನಗೆ ಗೊತ್ತಿಲ್ಲ, ಆದ್ರೆ ಅಡುಗೆ ಮಾತ್ರ ತೂಗಿದ್ರೆ ಮೊದಲ ಮೂರರಲ್ಲಿ ಬರಲ್ಲ.

ಈಗ ಓವರ್‌ರೇಟೆಡ್. ಅಡುಗೆ ಬರಲ್ಲ ಅಂತಲ್ಲ, ಹೊಗಳಿಕೆ ಅಡುಗೆಗಿಂತ ಮುಂದೆ ಓಡ್ತು ಅಂತ ಅಷ್ಟೇ. 2009ರ ಜೂಲಿ ಗುಡ್‌ವಿನ್ ಮೊದಲ ವಿನ್ನರ್ ಅನ್ನೋ ಪ್ರೀತಿ ಎಲ್ಲರಿಗೂ ಇದೆ, ನನಗೂ ಇದೆ, ಆದ್ರೆ ಆ ಸೀಸನ್ ಈಗ ಮತ್ತೆ ನೋಡಿದ್ರೆ ಕಣ್ಣು ಎರಡನೇ ಸ್ಥಾನದ ಪೋ ಲಿಂಗ್ ಯೋ ಕಡೆಗೇ ಹೋಗುತ್ತೆ. 2012ರ ಆಂಡಿ ಆಲನ್, ಎಲೆಕ್ಟ್ರಿಷಿಯನ್ ಹುಡುಗ, ಗೆದ್ದಾಗ ಎರಡನೇ ಸ್ಥಾನದ ಜೂಲಿಯಾ ಟೇಲರ್‌ಗಿಂತ ಮೇಲೆ ಅಂತ ನನಗೆ ಅನ್ನಿಸ್ಲೇ ಇಲ್ಲ. ಆಮೇಲೆ ಕಿಚನ್‌ನಲ್ಲಿ ದುಡಿದು ಬೆಳೆದು 2020ರಿಂದ ಜಡ್ಜ್ ಆಗಿದ್ದು ಬೇರೆ ಮಾತು, ಆ ದುಡಿಮೆಗೆ ಕೈ ಮುಗೀತೀನಿ.

ಎಲ್ಲಕ್ಕಿಂತ ಜಾಸ್ತಿ ಹೊಗಳಿಸಿಕೊಂಡಿದ್ದು 2021ರ ಜಸ್ಟಿನ್ ನಾರಾಯಣ್. ಇದನ್ನ ಹೇಳಿದ್ರೆ ಊರಲ್ಲಿ ಬೇಜಾರಾಗ್ತಾರೆ. ಭಾರತೀಯ ಮೂಲದವರು ಗೆದ್ರು ಅಂತ ನಮ್ಮ ಪೇಪರ್‌ಗಳೆಲ್ಲ ಹಬ್ಬ ಮಾಡಿದ್ವು, ಅಪ್ಪನೂ ಫೋನ್ ಮಾಡಿ ಖುಷಿಪಟ್ರು. ಒಳ್ಳೇ ಹುಡುಗ, ಒಳ್ಳೇ ರುಚಿ. ಆದ್ರೆ ಅದೇ ಫೈನಲ್‌ನಲ್ಲಿ ಕಿಶ್ವರ್ ಚೌಧರಿ ಇದ್ರು. ಜಸ್ಟಿನ್‌ಗೆ 125 ಅಂಕ, ಫೈನಲ್‌ನಲ್ಲಿದ್ದ ಇನ್ನೊಬ್ಬ ಪೀಟ್‌ಗೆ 124, ಕಿಶ್ವರ್‌ಗೆ 114. ಕಿಶ್ವರ್ ಏನು ಮಾಡಿದ್ರು ಗೊತ್ತಾ, ಪಾಂತಾ ಭಾತ್. ಬಂಗಾಳಿಗಳ ತಂಗಳನ್ನ, ನೀರಲ್ಲಿ ನೆನೆಸಿಟ್ಟ ಅನ್ನಕ್ಕೆ ಹೊಗೆ ಕೊಟ್ಟು, ಪಕ್ಕದಲ್ಲಿ ಕಿವುಚಿದ ಆಲೂಗಡ್ಡೆ, ಮೀನು. ಇಂಥದ್ದು ರೆಸ್ಟೋರೆಂಟ್‌ನಲ್ಲಿ ಸಿಗಲ್ಲ ಅಂತ ಅವರೇ ಹೇಳಿದ್ರು. ನಾನು ಸೋಫಾದಲ್ಲಿ ಕೂತು ಅತ್ತುಬಿಟ್ಟೆ, ಯಾಕಂದ್ರೆ ಮಳೆಗಾಲದಲ್ಲಿ ಅವ್ವ ಗದ್ದೆಯಿಂದ ಬಂದು ಒಲೆ ಮುಂದೆ ಕೂತು ತಿಂತಿದ್ದಿದ್ದು ಅದೇ ಊಟ, ತಂಗಳನ್ನ, ಕೆಂಡದ ಮೇಲೆ ಸುಟ್ಟ ಒಣಮೀನು, ಸೂಜಿ ಮೆಣಸು. ನೆಂಟರು ಬಂದ್ರೆ ಆ ತಟ್ಟೆ ಒಳಗೆ ಹೋಗ್ತಿತ್ತು.

ಅಲ್ಲೀವರೆಗೆ ನಾನು ಕೆಲಸಕ್ಕೆ ಸ್ಯಾಂಡ್‌ವಿಚ್ ಬಿಟ್ಟು ಬೇರೇನೂ ತಗೊಂಡು ಹೋಗ್ತಿರಲಿಲ್ಲ. ಆ ವಾರ ಹಠ ಹಿಡಿದು ನಮ್ಮ ಕೊಡಗಿನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿಕರಿ (ಹಂದಿ ಸಾರು) ತಗೊಂಡು ಹೋದೆ. ಸ್ಟಾಫ್ ರೂಮಿನ ಮೈಕ್ರೋವೇವ್‌ನಿಂದ ತೆಗೆದಾಗ ಪಕ್ಕದಲ್ಲಿದ್ದವಳು, ವಯಸ್ಸಾದ ಗ್ರೀಕ್ ಹೆಂಗಸು, ಬಗ್ಗಿ ನೋಡಿ ಇದು ಸುಟ್ಟು ಹೋಗಿದ್ಯಾ ಅಂತ ಕೇಳಿದ್ಲು. ಸುಟ್ಟಿದ್ದಲ್ಲ, ಕೊತ್ತಂಬರಿ ಜೀರಿಗೆ ಸಾಸಿವೆ ಮೆಣಸು ಎಲ್ಲಾ ಕಪ್ಪಾಗೋವರೆಗೆ ಹುರೀತೀವಿ, ಕೊನೇಲಿ ಕಾಚಂಪುಳಿ ಅನ್ನೋ ಹುಳಿ ಹಾಕ್ತೀವಿ ಅಂದೆ. ಮಳೆಗಾಲದಲ್ಲಿ ಹಣ್ಣು ಆರಿಸಿ ಬುಟ್ಟೀಲಿ ಹಾಕಿಟ್ರೆ ರಸ ತೊಟ್ಟಿಕ್ಕಿ ಕೆಳಗಿನ ಪಾತ್ರೆಗೆ ಇಳಿಯೋದು, ಅದನ್ನ ಕುದಿಸಿ ಕುದಿಸಿ ಕಪ್ಪು ಜೇನಿನ ಥರ ಮಾಡೋದು, ಎಲ್ಲಾ ಹೇಳಿದೆ. ಅವಳು ಕಡಂಬುಟ್ಟು ಮುರಿದು ಗ್ರೇವಿಗೆ ಅದ್ದಿ ಬಾಯಿಗಿಟ್ಲು, ಏನೂ ಮಾತಾಡಲಿಲ್ಲ, ಇನ್ನೊಂದು ತಗೊಂಡ್ಲು. ಈಗ್ಲೂ ಸೆಪ್ಟೆಂಬರ್ ಬಂದ್ರೆ ನಿಮ್ಮ ಕೈಲ್‌ಪೊಳ್ದ್ ಹಬ್ಬ ಯಾವಾಗ ಅಂತ ಅವಳೇ ಕೇಳ್ತಾಳೆ.

ಹಾಗಾಗಿ ತಂಗೀ, ನೀನು ಕೇಳಿದ್ದಕ್ಕೆ ಉತ್ತರ: ಸಾಶಿ, ಬಿಲ್ಲಿ, ಆಡಮ್, ಆಮೇಲೆ ಲಾರಾ. ಟ್ರೋಫಿ ಕೈಗೆ ಸಿಗದೇ ಇದ್ರೂ ನನ್ನ ಮನೇಲಿ 2021 ಕಿಶ್ವರ್‌ದೇ. ನೀನು ಪಟ್ಟಿ ಬದಲಾಯಿಸ್ಬೇಕು ಅಂದ್ರೆ ಬದಲಾಯಿಸು, ಆದ್ರೆ ಡಿಸೆಂಬರ್‌ನಲ್ಲಿ ಬರುವಾಗ ಅವ್ವನ ಹತ್ರ ಹೇಳಿ ಒಂದು ಬಾಟಲಿ ಕಾಚಂಪುಳಿ ತಾ, ಇಲ್ಲಿ ಎರಡು ಬೆರಳಷ್ಟೇ ಉಳಿದಿದೆ. ಏರ್‌ಪೋರ್ಟ್‌ನಲ್ಲಿ ಕಾರ್ಡ್ ಮೇಲೆ ತಿನ್ನೋ ಸಾಮಾನು ಇದೆ ಅಂತ ಮರೀದೆ ಬರಿ.